ಎರಡು ಮೊಳ ಕೋಳಿ, ಒಂದು ಮಾರು ಮಲ್ಲಿಗೆ

ನಮ್ಮ ಮನೆಯ ಅಟ್ಟದ ಮೇಲೆ ಒಂದು ಕೆಂಪು ಫ್ಲಾಸ್ಕ್ ಇದೆ. ಎಂಬತ್ತರ ದಶಕದಲ್ಲಿ ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಕೊಂಡದ್ದು. ಅದನ್ನು ತೊಡೆಯ ಮೇಲಿಟ್ಟುಕೊಂಡು ಬೆಳಗಿನ ಬಸ್ಸಿನಲ್ಲಿ ಕೂತರೆ ಕಂಡಕ್ಟರು, “ಏನ್ ಮೇಡಮ್, ಕಾಫಿನಾ?” ಅನ್ನುತ್ತಿದ್ದ. ಹೂಂಗುಟ್ಟುತ್ತಿದ್ದೆ. ಒಳಗಿದ್ದದ್ದು ತಿಲಕ್ ನಗರದ ಅಂಗಡಿಯಿಂದ ಪ್ರಯೋಗಶಾಲೆಗೆಂದು ತಂದ ಕೋಳಿ ರಕ್ತ. ಹೆಪ್ಪುಗಟ್ಟದಿರಲೆಂದು ಸಿಟ್ರೇಟ್ ಬೆರೆಸಿ, ಸುತ್ತ ಐಸ್ ತುಂಬಿದ್ದು.

ನಮ್ಮದು ಈರುಳ್ಳಿಯೇ ಹೊಸಿಲು ದಾಟದ ಮನೆ. ಈರುಳ್ಳಿಯ ಪೊರೆಯನ್ನು ನಾನು ಮೊದಲು ಮುಟ್ಟಿದ್ದು ಕಾಲೇಜಿನ ಸೂಕ್ಷ್ಮದರ್ಶಕದ ಕೆಳಗೆ. ಪುಸ್ತಕ ‘ಕೋಶಕೇಂದ್ರ’ ಎನ್ನುತ್ತಿತ್ತು. ಕಂಡ ಚುಕ್ಕೆ ಮಾತ್ರ ಗೋಡೆಗೊರಗಿ ಕೂತಿತ್ತು. 1831ರಲ್ಲಿ ಆರ್ಕಿಡ್ ಎಲೆಯ ಕೋಶಗಳಲ್ಲಿ ಅದನ್ನು ಗುರುತಿಸಿ ನ್ಯೂಕ್ಲಿಯಸ್ ಎಂದು ಕರೆದ ರಾಬರ್ಟ್ ಬ್ರೌನ್ ಬಳಸಿದ ಲ್ಯಾಟಿನ್ ಪದಕ್ಕೆ ಕಾಯೊಳಗಿನ ತಿರುಳು ಎಂದರ್ಥ. ‘ತಿರುಳು’ ಎಂದೇ ಬಿಟ್ಟಿದ್ದರೆ ನಮಗೇನು ನಷ್ಟವಿತ್ತೋ.

ಕೋಳಿಯೇ ಏಕೆ? ನಮ್ಮ ಕೆಂಪು ರಕ್ತಕಣಗಳಲ್ಲಿ ಈ ತಿರುಳೇ ಇಲ್ಲ, ಹಕ್ಕಿಗಳ ರಕ್ತಕಣಗಳಲ್ಲಿದೆ. ಆಲ್ಬ್ರೆಕ್ಟ್ ಕೊಸೆಲ್ 1884ರಲ್ಲಿ ಹಿಸ್ಟೋನ್ ಎಂಬ ಪ್ರೋಟೀನನ್ನು ಕಂಡದ್ದೂ ಹೆಬ್ಬಾತಿನ ರಕ್ತದಲ್ಲಿ. ಅವನಿಗಿಂತ ಮೊದಲು, 1869ರಲ್ಲಿ, ಟ್ಯೂಬಿಂಗೆನ್ನಿನ ಹಳೆಯ ಕೋಟೆಯ ಅಡುಗೆಮನೆಯನ್ನೇ ಪ್ರಯೋಗಶಾಲೆ ಮಾಡಿಕೊಂಡಿದ್ದ ಫ್ರೀಡ್ರಿಕ್ ಮೀಶರ್, ಆಸ್ಪತ್ರೆಯ ಬ್ಯಾಂಡೇಜುಗಳ ಕೀವಿನಿಂದ ನಾವು ಇಂದು ಡಿಎನ್ಎ ಎನ್ನುವುದನ್ನು ಬೇರ್ಪಡಿಸಿದ. ಅಡುಗೆಮನೆ, ಕೀವು! ಇದನ್ನು ಅಮ್ಮನಿಗೆ ಹೇಳಲಿಲ್ಲ.

ಒಂದು ಸಂಜೆ, ರಕ್ತಕಣಗಳಿಂದ ಕೋಶಕೇಂದ್ರ ಬೇರ್ಪಡಿಸುವ ದ್ರಾವಣಕ್ಕೆ ಮೆಗ್ನೀಸಿಯಮ್ ಹಾಕಲು ಮರೆತೆ. ಕೋಶಕೇಂದ್ರಗಳೆಲ್ಲ ಒಡೆದು ನಳಿಕೆ ತುಂಬ ಲೋಳೆಸರದ ತಿರುಳಿನಂಥ ಅಂಟು ಡಿಎನ್ಎ. ಗಾಜಿನ ಕಡ್ಡಿ ಅದ್ದಿ ಎತ್ತಿದರೆ ಎಳೆ ಎಳೆಯಾಗಿ ಬಂತು. ಮೂರು ದಿನದ ಕೆಲಸ ಮಣ್ಣುಪಾಲು. ಆದರೂ ಅಳುವ ಬದಲು ಎತ್ತುತ್ತಲೇ ನಿಂತಿದ್ದೆ. ಇಷ್ಟುದ್ದದ್ದು ಅಷ್ಟು ಚಿಕ್ಕದರಲ್ಲಿ ಹೇಗಿತ್ತು?

ಅಮ್ಮನಿಗೆ ಲೆಕ್ಕ ಹೇಳಿದ್ದು ಹೂವಿನ ಅಳತೆಯಲ್ಲಿ. ಕೋಶಕೇಂದ್ರವಿರುವ ನಮ್ಮ ಒಂದೊಂದು ಕೋಶದ ಡಿಎನ್ಎ ಸುಮಾರು ಎರಡು ಮೀಟರು, ಅಂದರೆ ಒಂದು ಮಾರಿಗಿಂತ ತುಸು ಹೆಚ್ಚು. ಕೋಳಿಯದು ಎರಡು ಮೊಳಕ್ಕೂ ಕಡಿಮೆ. ಅದನ್ನು ಇಡುವ ಬುಟ್ಟಿ ಒಂದು ಮಿಲಿಮೀಟರಿನ ನೂರರಲ್ಲೊಂದು ಪಾಲಿಗಿಂತ ಚಿಕ್ಕದು. ಎಂಟು ಹಿಸ್ಟೋನ್‌ಗಳು ಸೇರಿ ಒಂದು ಗುಂಡು; ದಾರ ಅದಕ್ಕೆ ಎರಡು ಸುತ್ತೂ ಪೂರ್ತಿ ಸುತ್ತದೆ ಮುಂದಿನ ಗುಂಡಿಗೆ ಹೋಗುತ್ತದೆ. 1974ರಲ್ಲಿ ರೋಜರ್ ಕಾರ್ನ್‌ಬರ್ಗ್ ಈ ಎಂಟರ ಗುಂಡಿನ ಮಾತು ಹೇಳಿದ್ದು.

“ವೀರ್ಯಾಣುವಿನಲ್ಲಿ ಇನ್ನೂ ಬಿಗಿಯಮ್ಮ,” ಎಂದೆ. “ಹಿಸ್ಟೋನ್ ತೆಗೆದು ಬೇರೆಯದನ್ನೇ ಹಾಕಿ ಅಡಕುತ್ತೆ.”

ಅಮ್ಮ ಬಾಳೆನಾರನ್ನು ಹಲ್ಲಲ್ಲಿ ಕಚ್ಚಿ ಗಂಟು ಬಿಗಿಯುತ್ತ, “ಅಷ್ಟು ಒತ್ತಾಗಿ ಕಟ್ಟಿದ್ರೆ ಮೊಗ್ಗು ಅರಳೋದು ಹೇಗೇ?” ಅಂದಳು.

ಅರಳುವುದಿಲ್ಲ. ಪಯಣ ಮುಗಿಯುವವರೆಗೆ ಅಲ್ಲಿನ ಜೀನ್‌ಗಳು ಬಹುಪಾಲು ಬಾಯಿ ಮುಚ್ಚಿಕೊಂಡೇ ಇರುತ್ತವೆ. ಈ ಮೂಟೆ ಕಟ್ಟುವ ಕೆಲಸದ ನಡುವಿನ ಘಟ್ಟವನ್ನು ಇಲಿಯ ವೃಷಣದಲ್ಲಿ ವರ್ಷಗಟ್ಟಲೆ ಹಿಂಬಾಲಿಸಿದವರು 1948ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಎಂ.ಆರ್.ಎಸ್. ರಾವ್. ಮೊದಲು ನಮ್ಮ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಆಮೇಲೆ ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದಲ್ಲಿ. ಹಿಸ್ಟೋನ್ ಹೊರಡುವ, ಅದರ ಜಾಗಕ್ಕೆ ಬರಬೇಕಾದ ಪ್ರೋಟಮೀನ್ ಎಂಬ ಪ್ರೋಟೀನು ಇನ್ನೂ ಬಾರದ ಸಂಧಿಕಾಲದಲ್ಲಿ ದಾರ ಹಿಡಿದುಕೊಳ್ಳುವ ಟಿಪಿ2 ಎಂಬ ಪ್ರೋಟೀನು ತನ್ನೊಡಲಲ್ಲಿ ಸತುವನ್ನು ಇಟ್ಟುಕೊಂಡಿರುತ್ತದೆಂದು ಅವರ ತಂಡ ತೋರಿಸಿತು. ಹಳಬರು ಹೊರಟು ಹೊಸಬರು ಬಾರದ ಮನೆಗೆ ಕಾವಲಿದ್ದವರನ್ನು ಯಾರು ನೆನೆಯುತ್ತಾರೆ! ರಾವ್ ಬದುಕಿನ ಬಹುಕಾಲವನ್ನು ಅದಕ್ಕೇ ಕೊಟ್ಟರು. 2010ರಲ್ಲಿ ಪದ್ಮಶ್ರೀ ಬಂತು. 2023ರ ಆಗಸ್ಟಿನಲ್ಲಿ ತೀರಿಕೊಂಡರು. ಆ ಸುದ್ದಿ ಓದಿದ ದಿನ ನನ್ನ ಹಳೆಯ ನೋಟ್‌ಬುಕ್ಕುಗಳನ್ನು ಹುಡುಕಲು ಅಟ್ಟ ಹತ್ತಿದ್ದೆ. ಸಿಕ್ಕಿದ್ದು ಫ್ಲಾಸ್ಕು.

ಏಣಿ ಹಿಡಿದಿದ್ದ ಅತ್ತಿಗೆ ಅದನ್ನು ಕೈಗೆ ತೆಗೆದುಕೊಂಡು ಒರೆಸಿದರು. “ಎಷ್ಟು ಗಟ್ಟಿಯಾಗಿದೆ ನೋಡು! ನಾಳಿದ್ದು ಧರ್ಮಸ್ಥಳಕ್ಕೆ ಹೊರಟಿದೀವಲ್ಲ, ದಾರಿಗೆ ಕಾಫಿ ತುಂಬಿಸಿಕೊಳ್ಳೋಣ.”

“ಬೇಡ ಅತ್ತಿಗೆ,” ಎಂದೆ. “ಅದು ಸೋರುತ್ತೆ.”