ಹದಿಮೂರನೇ ಎಲೆ

ಭವಿಷ್ಯ ಹೇಳಲು ಬಳಸುವ ಟ್ಯಾರೋ ಕಟ್ಟಿನಲ್ಲಿ 78 ಎಲೆಗಳು. ‘ಸಾವು’ ಎಂಬ 13ನೇ ಎಲೆಯಲ್ಲಿ ಬಿಳಿ ಕುದುರೆಯೇರಿದ ಅಸ್ಥಿಪಂಜರ. ಆ ಎಲೆ ಮಗುಚಿ ಬಿದ್ದಾಗ ಎದುರು ಕೂತವರ ಮುಖ ಬಿಳಿಚುತ್ತದೆ. ಓದುವವರ ಯೋಗ್ಯತೆ ತಿಳಿಯುವುದೂ ಆಗಲೇ.

ಬಲ್ಲವರು ಅದನ್ನು ಯಾವುದೋ ಒಂದರ ಮುಕ್ತಾಯ, ಬದಲಾವಣೆ ಎಂದು ಬಿಡಿಸಿ ಹೇಳುತ್ತಾರೆ. ಉಳಿದವರು ಹೆದರಿಸಿ, ಪರಿಹಾರದ ಖರ್ಚಿನ ಲೆಕ್ಕ ಒಪ್ಪಿಸುತ್ತಾರೆ. (ಈ ಎರಡನೇ ಬಗೆಯವರು ನಮ್ಮೂರಿಗೂ ಹೊಸಬರಲ್ಲ.)

15ನೇ ಶತಮಾನದ ಇಟಲಿಯಲ್ಲಿ ಟ್ಯಾರೋ ಬರೀ ಇಸ್ಪೀಟಿನಂಥ ಆಟ. ಭವಿಷ್ಯ ಹೇಳುವ ಖಯಾಲಿ ಜೋರಾದದ್ದು 18ನೇ ಶತಮಾನದ ಫ್ರಾನ್ಸಿನಲ್ಲಿ. ಇಂದು ಬಹಳಷ್ಟು ಮಂದಿ ಬಳಸುವ ಕಟ್ಟಿಗೆ ಚಿತ್ರ ಬರೆದವಳು ಪಮೇಲಾ ಕೋಲ್ಮನ್ ಸ್ಮಿತ್. ಲಂಡನ್ನಿನಲ್ಲಿ ಅದು ಹೊರಬಂದದ್ದು 1909ರಲ್ಲಿ. ಸಣ್ಣಪುಟ್ಟ ಎಲೆಗಳಿಗೂ ಆಕೆ ಒಂದೊಂದು ದೃಶ್ಯ ಬರೆದಳು. ಹಾಗಾಗಿ ಅರ್ಥ ಉರುಹೊಡೆದವರಿಗಿಂತ ಚಿತ್ರವನ್ನು ನಿಧಾನವಾಗಿ ನೋಡಬಲ್ಲವರೇ ವಾಸಿ.

ಓದುವವರಿಗೆ ಪ್ರಾಮಾಣಿಕತೆಯೂ ಬೇಕು; ಯಾರಿಗೂ ಹೊಂದುವ ಮಾತನ್ನೂ ಜನ ತಮ್ಮದೇ ಎಂದು ನಂಬಿಬಿಡುತ್ತಾರೆ. 1948ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಬರ್ಟ್ರಂ ಫೋರರ್ ವಿದ್ಯಾರ್ಥಿಗಳಿಗೆಲ್ಲ ಒಂದೇ ಒಕ್ಕಣೆಯನ್ನು ‘ಇದು ನಿನ್ನ ಸ್ವಭಾವ’ ಎಂದು ಹಂಚಿದ. ಎಷ್ಟು ನಿಜವೆಂದು ಕೇಳಿದರೆ, ಸರಾಸರಿ ಐದಕ್ಕೆ 4.26 ಅಂಕ! ಆ ಸಾಲುಗಳಲ್ಲಿ ಹೆಚ್ಚಿನವನ್ನು ಆತ ಎತ್ತಿಕೊಂಡದ್ದು ಪೇಪರ್ ಅಂಗಡಿಯಲ್ಲಿ ಸಿಗುವ ಜ್ಯೋತಿಷ್ಯ ಪುಸ್ತಕದಿಂದ.