ಉದ್ರಿ ಪುಸ್ತಕ, ಸಿಬಿಲ್ ಪುಸ್ತಕ

ಬೆಳಿಗ್ಗೆ ತೊಂಡೇಬಾವಿ ಸ್ಟೇಷನ್ನಿನಲ್ಲಿ ಬೆಂಗಳೂರು ರೈಲಿಗೆ ಕಾಯುತ್ತಿದ್ದೆ. ಪಕ್ಕದ ಹುಡುಗನ ಮುಖ ಸಪ್ಪಗಿತ್ತು. "ಬೈಕ್ ಲೋನ್ ಸಿಗ್ಲಿಲ್ಲಣ್ಣ. ಇದುವರೆಗೆ ಯಾರ ಹತ್ರಾನೂ ಸಾಲ ಮಾಡಿಲ್ಲ ನಾನು, ಅದೇ ತಪ್ಪಂತೆ!"

ನಗುವೂ ಬಂತು, ಬೇಜಾರೂ ಆಯ್ತು. ಅವರಪ್ಪನಿಗೆ ಊರಿನ ಅಂಗಡಿಯವರು ಮುಖ ನೋಡಿಯೇ ಉದ್ರಿ ಕೊಡ್ತಾರೆ. ಮುಸುಕಿನ ಜೋಳ ಮಾರಿದ ಮೇಲೆ ಲೆಕ್ಕ ಚುಕ್ತಾ. ಆದರೆ ಆ ನಂಬಿಕೆಯೆಲ್ಲ ಅಂಗಡಿ ಪುಸ್ತಕದಲ್ಲೇ ಉಳಿಯುತ್ತೆ. ಸಾಲ ಕೊಡೋ ಮುಂಚೆ ಬ್ಯಾಂಕಿನವರು ನೋಡೋ 300ರಿಂದ 900ರವರೆಗಿನ ಸಿಬಿಲ್ ಅಂಕಕ್ಕೆ ಅದು ಕಾಣೋದೇ ಇಲ್ಲ.

ಹಿಂದೆ ಸಾಲ ಮಾಡಿಲ್ಲ ಅನ್ನೋ ಒಂದೇ ಕಾರಣಕ್ಕೆ ಮೊದಲ ಸಲದವರ ಅರ್ಜಿ ತಳ್ಳಿಹಾಕಬಾರದು ಅಂತ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಹೇಳಿದೆ. 2025ರಲ್ಲಿ ಕೇಂದ್ರ ಸರ್ಕಾರ ಸಂಸತ್ತಿನಲ್ಲೂ ಇದನ್ನೇ ಹೇಳಿತು. ಕೌಂಟರಿನಲ್ಲಿ ಕೂತವರಿಗೆ ಅದು ನೆನಪಿರಬೇಕಷ್ಟೆ.

ಸಿಬಿಲ್ ಅಂಕ ಬೆಳೆಸಿಕೊಳ್ಳೋ ದಾರಿಯನ್ನ ಹುಡುಗನಿಗೆ ಹೇಳಿದೆ: "ಬ್ಯಾಂಕಲ್ಲಿ ಸಣ್ಣದೊಂದು ಎಫ್‌ಡಿ ಇಡು, ಅದರ ಮೇಲೆ ಕ್ರೆಡಿಟ್ ಕಾರ್ಡ್ ಕೇಳು. ಮೊಬೈಲ್ ರೀಚಾರ್ಜು, ರೇಷನ್ನು, ಅಷ್ಟಕ್ಕೇ ಬಳಸು. ಮಿತಿಯ ಮೂರನೇ ಒಂದು ಭಾಗ ದಾಟಬೇಡ. ಕನಿಷ್ಠ ಮೊತ್ತ ಕಟ್ಟಿ ಸುಮ್ಮನಾಗಬೇಡ, ಬಡ್ಡಿ ಬೆಳೆಯುತ್ತೆ. ವಾಯಿದೆಯೊಳಗೆ ಪೂರ್ತಿ ಕಟ್ಟು. ಗೆಳೆಯನ ಸಾಲಕ್ಕೆ ಜಾಮೀನು ಹಾಕೋ ಮುಂಚೆ ಹತ್ತು ಸಲ ಯೋಚಿಸು, ಅವನು ಕಟ್ಟದಿದ್ರೆ ನಿನ್ನ ಹೆಸರಿಗೂ ಮಸಿ. ವರ್ಷಕ್ಕೊಂದು ಸಲ ಸಿಬಿಲ್ ರಿಪೋರ್ಟ್ ಪುಕ್ಕಟೆ ಸಿಗುತ್ತೆ, ತೆಗೆದು ನೋಡು."

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ: "ಅಂದ್ರೆ ಅಣ್ಣ, ನನ್ನ ದುಡ್ಡನ್ನೇ ಅಡ ಇಟ್ಟು, ನಾನು ಒಳ್ಳೆಯವನು ಅಂತ ತೋರಿಸ್ಬೇಕಾ?"

ಅಷ್ಟರಲ್ಲಿ ರೈಲು ಬಂತು. ಬಚಾವಾದೆ.