ನದಿಗಳ ವಂಶವೃಕ್ಷ

ಪ್ರಶ್ನೆ ಕೇಳುವುದೂ ಒಂದು ಕಲೆಯೇ. ಅವಧಾನದ ಸಭೆಯಲ್ಲಿ ಅವಧಾನಿಯ ಪ್ರತಿಭೆಗೆ ಎಷ್ಟು ಗೌರವವುಂಟೋ, ಪ್ರಶ್ನೆಯನ್ನು ಬಿಗಿಯಾಗಿ ಕಟ್ಟಬಲ್ಲ ಪೃಚ್ಛಕನ ಪಾಂಡಿತ್ಯಕ್ಕೂ ಅಷ್ಟೇ ಗೌರವವುಂಟು; ಸಡಿಲವಾದ ಪ್ರಶ್ನೆಗೆ ಎಂತಹ ಅವಧಾನಿಯೂ ಸೊಗಸಾದ ಉತ್ತರವನ್ನು ಕೊಡಲಾರನು. ಎಲ್ಲರಿಗೂ ತೆರೆದಿರುವ ದತ್ತಾಂಶಭಂಡಾರಗಳನ್ನು ಪ್ರಶ್ನಿಸಿ, ದೊರೆತ ಉತ್ತರವನ್ನು ಕೆಲವು ಸಾಲುಗಳ ಕೋಡ್ ಬರೆದು ಚಿತ್ರವಾಗಿ ಮೂಡಿಸುವ ಹವ್ಯಾಸವೊಂದು ನನಗೆ ಅಂಟಿಕೊಂಡಿದೆ. ಅದರಲ್ಲಿ ನಾನು ಸವಿಯುವುದು ಮುಖ್ಯವಾಗಿ ಈ ಪೃಚ್ಛಕನ ಸುಖವನ್ನೇ.

ವೆಬ್‌ನ ಜನಕನಾದ ಟಿಮ್ ಬರ್ನರ್ಸ್-ಲೀ 2006ರಲ್ಲಿ ನಾಲ್ಕು ನಿಯಮಗಳನ್ನು ಬರೆದಿಟ್ಟನು: ಲೋಕದ ಪ್ರತಿಯೊಂದು ವಸ್ತುವಿಗೂ ಒಂದು ವಿಳಾಸವಿರಬೇಕು; ಆ ವಿಳಾಸವನ್ನು ವೆಬ್‌ನಲ್ಲಿಯೇ ತೆರೆಯಲು ಬರಬೇಕು; ತೆರೆದವರಿಗೆ ಆ ವಸ್ತುವಿನ ವಿಷಯವಾಗಿ ಉಪಯುಕ್ತವಾದ ಮಾಹಿತಿ ಸಿಕ್ಕಬೇಕು; ಆ ಮಾಹಿತಿಯಲ್ಲಿ ಬೇರೆ ವಸ್ತುಗಳ ವಿಳಾಸಗಳಿಗೆ ಕೊಂಡಿಗಳಿರಬೇಕು. ಈ ತತ್ತ್ವದ ಮೇಲೆ ನಿಂತ ಭಂಡಾರಗಳಲ್ಲಿ ನನಗೆ ಅತ್ಯಂತ ಪ್ರಿಯವಾದುದು 2012ರ ಅಕ್ಟೋಬರಿನಲ್ಲಿ ಆರಂಭವಾದ ವಿಕಿಡೇಟಾ. ಹತ್ತು ಕೋಟಿಗೂ ಮೀರಿದ ವಸ್ತುಗಳು ಅಲ್ಲಿವೆ. ಯಾರ ಅಪ್ಪಣೆಯನ್ನೂ ಬೇಡದೆ ಯಾರು ಬೇಕಾದರೂ ಅವನ್ನು ಬಳಸಬಹುದು. ಅಲ್ಲಿಯ ಜ್ಞಾನವೆಲ್ಲ ಮೂರು ಮೂರು ಪದಗಳ ಕಿರುವಾಕ್ಯಗಳಲ್ಲಿ ಅಡಗಿದೆ. 'ತುಂಗಭದ್ರಾ – ಸೇರುವುದು – ಕೃಷ್ಣಾ' ಎಂಬುದು ಅಂತಹ ಒಂದು ವಾಕ್ಯ. ನಡುವಣ 'ಸೇರುವುದು' ಎಂಬ ಸಂಬಂಧಕ್ಕೆ ಅಲ್ಲಿ ಪಿ403 ಎಂದು ಸಂಖ್ಯೆ. ಒಂದೊಂದನ್ನೇ ನೋಡಿದರೆ ಶಾಲೆಯ ಬಾಲಕನೂ ಬಲ್ಲ ಸಾಮಾನ್ಯ ಸಂಗತಿ. ಆದರೆ ಒಂದು ವಾಕ್ಯದ ಕೊನೆಯೇ ಇನ್ನೊಂದರ ಮೊದಲಾಗುವುದರಿಂದ, ಇಂತಹ ಕೋಟ್ಯಂತರ ವಾಕ್ಯಗಳು ಒಂದಕ್ಕೊಂದು ಹೆಣೆದುಕೊಂಡು, ಯಾವ ಒಬ್ಬ ವಿದ್ವಾಂಸನ ಸ್ಮೃತಿಯೂ ಹಿಡಿಯಲಾರದ ಮಹಾಜಾಲವಾಗುತ್ತದೆ.

ಈ ಜಾಲವನ್ನು ಪ್ರಶ್ನಿಸುವ ಭಾಷೆಯ ಹೆಸರು ಸ್ಪಾರ್ಕಲ್. 2008ರಲ್ಲಿ ಅದಕ್ಕೆ ಪ್ರಮಾಣಭಾಷೆಯ ಮನ್ನಣೆ ದೊರೆಯಿತು. ಅದರಲ್ಲಿ ಪ್ರಶ್ನೆ ಕೇಳುವ ರೀತಿಯೇ ಮನೋಹರವಾದುದು. ಗೊತ್ತಿರುವುದನ್ನು ಗೊತ್ತಿರುವಂತೆಯೇ ಬರೆದು, ಗೊತ್ತಿಲ್ಲದ ಎಡೆಯಲ್ಲಿ ಮಾತ್ರ ಒಂದು ಹೆಸರನ್ನು ಕಲ್ಪಿಸಿ, ಅದರ ಕೊನೆಯಲ್ಲಿ ಅಲ್ಲ, ಮೊದಲಲ್ಲಿ ಪ್ರಶ್ನಾರ್ಥಕ ಚಿಹ್ನೆಯನ್ನಿಟ್ಟರೆ ಸಾಕು. ಆ ಹೆಸರು ಕನ್ನಡದಲ್ಲಿಯೇ ಇರಲು ಭಾಷೆಯ ವ್ಯಾಕರಣದ ಅಡ್ಡಿಯಿಲ್ಲವಾದುದರಿಂದ ನಾನು '?ನದಿ' ಎಂದೇ ಬರೆಯುತ್ತೇನೆ. '?ನದಿ – ಪಿ403 – ಕೃಷ್ಣಾ' ಎಂದು ಕೇಳಿದೊಡನೆ ಮಲಪ್ರಭೆ, ಘಟಪ್ರಭೆ, ಭೀಮೆ, ತುಂಗಭದ್ರೆ, ಕೊಯ್ನಾ, ಮೂಸಿ ಮೊದಲಾಗಿ ಕೃಷ್ಣೆಯನ್ನು ನೇರವಾಗಿ ಕೂಡುವ ನದಿಗಳೆಲ್ಲ ಸಾಲಾಗಿ ಬಂದು ನಿಲ್ಲುತ್ತವೆ. ಇಷ್ಟಕ್ಕೇ ಮುಗಿದಿದ್ದರೆ ಇದು ಭೂಗೋಳದ ಪಠ್ಯಪುಸ್ತಕದಲ್ಲಿ ಸಿಕ್ಕುವ ಪಟ್ಟಿಯೇ ಆಗುತ್ತಿತ್ತು. ಆದರೆ 2013ರ ಪರಿಷ್ಕರಣದಲ್ಲಿ ಭಾಷೆಗೆ ಒಂದು ಅಪೂರ್ವ ಸೌಕರ್ಯ ಸೇರಿತು: ಸಂಬಂಧದ ಕೊನೆಯಲ್ಲಿ ಒಂದು ಕೂಡುಚಿಹ್ನೆಯನ್ನು ಬರೆದು 'ಪಿ403+' ಎಂದರೆ, ಕೃಷ್ಣೆಯನ್ನು ಸೇರುವ ನದಿಗಳು, ಆ ನದಿಗಳನ್ನು ಸೇರುವ ನದಿಗಳು, ಅವುಗಳನ್ನೂ ಸೇರುವ ತೊರೆಗಳು, ಹೀಗೆ ಕೊಂಡಿಗಳು ಎಲ್ಲಿಯವರೆಗೆ ಇವೆಯೋ ಅಲ್ಲಿಯವರೆಗೂ ಪ್ರಶ್ನೆಯು ಪ್ರವಾಹಕ್ಕೆ ಎದುರಾಗಿ ಮೇಲೇರುತ್ತ ಹೋಗುತ್ತದೆ. ಅಷ್ಟು ಸಣ್ಣ ಚಿಹ್ನೆಯಲ್ಲಿ ಅಷ್ಟು ದೊಡ್ಡ ಯಾತ್ರೆ ಅಡಗಿರುವುದನ್ನು ನೆನೆದಾಗಲೆಲ್ಲ ನನಗೆ ಸೂತ್ರಕಾರರ ಲಾಘವಪ್ರೀತಿ ಅರ್ಥವಾಗುತ್ತದೆ.

ಉತ್ತರವು ಕೋಷ್ಟಕವಾಗಿ ಬರುತ್ತದೆ: ಒಂದು ಕಂಬಸಾಲಿನಲ್ಲಿ ನದಿ, ಇನ್ನೊಂದರಲ್ಲಿ ಅದು ಸೇರುವ ನದಿ. ಕೋಷ್ಟಕವನ್ನು ಬುದ್ಧಿ ಓದಬಲ್ಲದು, ಕಣ್ಣು ಕಾಣಲಾರದು. ಆದುದರಿಂದ ಡಿ3 ಎಂಬ ಜಾವಾಸ್ಕ್ರಿಪ್ಟ್ ಲೈಬ್ರರಿಯ ಕೈಗೆ ಅದನ್ನು ಒಪ್ಪಿಸುತ್ತೇನೆ. ಬ್ರೌಸರಿನಲ್ಲಿ ಬರೆಯುವ ಚಿತ್ರವಾದುದರಿಂದ 'ಕೃಷ್ಣಾ' ಎಂಬಲ್ಲಿಯ ಒತ್ತಕ್ಷರ ತನ್ನ ಸ್ಥಾನದಲ್ಲಿಯೇ ಸರಿಯಾಗಿ ಕುಳಿತುಕೊಳ್ಳುತ್ತದೆಂಬುದೂ ಅದರ ಮೇಲಿನ ನನ್ನ ಒಲವಿಗೆ ಕಾರಣ. ಅಲ್ಲಿಯ 'ಸ್ಟ್ರಾಟಿಫೈ' ಎಂಬ ಕ್ರಿಯೆ ಚಪ್ಪಟೆಯಾದ ಪಟ್ಟಿಯನ್ನು ತೆಗೆದುಕೊಂಡು ಯಾವುದು ಯಾವುದರ ಶಾಖೆಯೆಂದು ನಿರ್ಣಯಿಸಿ ವೃಕ್ಷವನ್ನು ಕಟ್ಟುತ್ತದೆ. ಅದರ ನ್ಯಾಯ ಬಹು ಕಠಿನ: ಉಪನದಿಗಳುಳ್ಳ ನದಿಯೊಂದು ಪಟ್ಟಿಯಲ್ಲಿ ಎರಡು ಬಾರಿ ಬಂದಿದ್ದರೆ, ಮಕ್ಕಳನ್ನು ಯಾವುದಕ್ಕೆ ಸೇರಿಸಲೆಂದು ಊಹಿಸುವುದಕ್ಕೆ ಹೋಗದೆ ಸಂದಿಗ್ಧವೆಂದು ಸಾರಿ ನಿಂತುಬಿಡುತ್ತದೆ. ನನಗೆ ಈ ನಿಷ್ಠುರತೆ ಹಿತವೇ. ಅನುಮಾನವನ್ನು ಮುಚ್ಚಿಟ್ಟು ಬರೆದ ಅಂದವಾದ ಚಿತ್ರಕ್ಕಿಂತ, ಅನುಮಾನವನ್ನು ತೋರಿಸಿ ನಿಂತ ಯಂತ್ರವೇ ಮೇಲು.

ಕೊಂಡಿಗಳೆಲ್ಲ ಕೂಡಿದಾಗ ಚಿತ್ರ ಅರಳುತ್ತದೆ. ಬಲಗಡೆಯಲ್ಲಿ ಕೃಷ್ಣೆಯೊಂದೇ ಬುಡ. ಅಲ್ಲಿಂದ ಎಡಕ್ಕೆ ಕೊಂಬೆಗಳು. ಭೀಮೆಯ ಕೊಂಬೆಯನ್ನು ಹಿಡಿದು ಹೋದರೆ ಒಂದೆಡೆ ಕಲಬುರಗಿಯ ಕಾಗಿಣೆ, ಅದಕ್ಕೆ ಕೂಡುವ ಬೆಣ್ಣೆತೊರೆ. ಇನ್ನೊಂದೆಡೆ ಪುಣೆಯ ಮುಳಾ, ಮುಠಾ. ತುಂಗಭದ್ರೆಯ ಕೊಂಬೆಯಲ್ಲಿ ವರದೆ, ಕುಮುದ್ವತಿ, ವೇದಾವತಿ. ತುದಿಯಲ್ಲಿ ತುಂಗೆಯೂ ಭದ್ರೆಯೂ ಅಕ್ಕಪಕ್ಕದಲ್ಲಿ. ಗಂಗಾಮೂಲದ ಒಂದೇ ಗಿರಿಯಲ್ಲಿ ಹುಟ್ಟಿದವೆಂದು ಹೇಳುವ ಈ ಎರಡು ನದಿಗಳು ಅಗಲಿ ಹರಿದು ಕೂಡಲಿಯಲ್ಲಿ ಮತ್ತೆ ಒಂದಾಗುವ ವೃತ್ತಾಂತ, ಚಿತ್ರದಲ್ಲಿ ಎರಡು ಗೆರೆಗಳ ಮಿಲನವಾಗಿ ಕಾಣುತ್ತದೆ. ಅದೇ ಗಿರಿಯ ನೇತ್ರಾವತಿ ಇಲ್ಲಿಲ್ಲ. ಅವಳು ಪಡುವಣಕ್ಕೆ ಹರಿದವಳು. ಪ್ರಶ್ನೆಯಲ್ಲಿ ಕೃಷ್ಣೆಯನ್ನು ತೆಗೆದು ಅರಬ್ಬೀ ಸಮುದ್ರವನ್ನಿಟ್ಟರೆ ಶರಾವತಿ, ಕಾಳಿ, ಅಘನಾಶಿನಿಯರೊಡನೆ ಅವಳೂ ಬರುತ್ತಾಳೆ. ಒಂದು ಪದ ಬದಲಾದರೆ ಸಹ್ಯಾದ್ರಿಯ ಶಿಖರದ ಮೇಲೆ ನಿಂತು ಮೂಡಣಕ್ಕಿದ್ದ ಮುಖವನ್ನು ಪಡುವಣಕ್ಕೆ ತಿರುಗಿಸಿದಂತೆಯೇ ಆಗುತ್ತದೆ!

ಚಿತ್ರದಲ್ಲಿ ಇರುವುದಕ್ಕಿಂತ ಇಲ್ಲದುದು ನನ್ನನ್ನು ಹೆಚ್ಚು ಕಾಲ ಹಿಡಿದು ನಿಲ್ಲಿಸುತ್ತದೆ. ನಾನು ಕಂಡು ಬಲ್ಲ ಹಳ್ಳವೊಂದು ಬಾರದಿದ್ದರೆ, ಅದು ಹರಿಯುತ್ತಿಲ್ಲವೆಂದು ಅರ್ಥವಲ್ಲ. ಅದು ಎಲ್ಲಿಗೆ ಸೇರುತ್ತದೆಂಬ ಮೂರು ಪದದ ವಾಕ್ಯವನ್ನು ಇನ್ನೂ ಯಾರೂ ಬರೆದಿಲ್ಲವೆಂದು ಅರ್ಥ. ಆಗ ಹಳೆಯ ಗ್ಯಾಸೆಟಿಯರನ್ನು ತೆರೆದು, ಭೂಪಟದೊಡನೆ ತಾಳೆ ನೋಡಿ, ಆಧಾರವನ್ನು ನಮೂದಿಸಿ ಆ ವಾಕ್ಯವನ್ನು ಸೇರಿಸುತ್ತೇನೆ. ಸ್ವಲ್ಪ ಹೊತ್ತಿನ ಮೇಲೆ ಅದೇ ಪ್ರಶ್ನೆಯನ್ನು ಮತ್ತೊಮ್ಮೆ ಕೇಳಿದರೆ ವೃಕ್ಷದಲ್ಲಿ ಒಂದು ಹೊಸ ಚಿಗುರು.

ಗ್ರಂಥವನ್ನು ಓದುವವನು ಗ್ರಂಥಕರ್ತನ ಅತಿಥಿ. ಇಲ್ಲಿಯಾದರೋ ಕೇಳುವವನೇ ಉತ್ತರದ ಪಾಲುದಾರನೂ ಹೌದು. ಕೊಯ್ನೆಯ ಸಂಗತಿಯನ್ನು ಬರೆದವನು ಯಾರೋ, ಕಾಗಿಣೆಯದನ್ನು ಸೇರಿಸಿದವಳು ಯಾರೋ, ನಾನರಿಯೆ. ಅವರ ಶ್ರಮವಿಲ್ಲದೆ ನನ್ನ ಪ್ರಶ್ನೆಗೆ ಉತ್ತರವಿರಲಿಲ್ಲ. ಆ ಋಣ ತೀರುವುದು ಮುಂದೆ ಕೇಳಲಿರುವವರಿಗಾಗಿ ನಾವೂ ಒಂದೆರಡು ವಾಕ್ಯಗಳನ್ನು ಬರೆದಿಡುವುದರಿಂದ ಮಾತ್ರ. ತಮ್ಮ ಊರ ಹೊಳೆ ಯಾವ ನದಿಯನ್ನು ಸೇರುತ್ತದೆಂದು ಬಲ್ಲವರು ಕನ್ನಡನಾಡಿನಲ್ಲಿ ಎಷ್ಟು ಮಂದಿಯಿಲ್ಲ! ಅವರಲ್ಲಿ ಪ್ರತಿಯೊಬ್ಬರೂ ಈ ವೃಕ್ಷಕ್ಕೆ ಒಂದು ಕೊಂಬೆಯನ್ನು ಕೊಡಬಲ್ಲರು.